ಮಾದರಿ ಅರ್ಜಿ

ವಿಡಿಯೋದಲ್ಲಿ ಜಟ್ಟೆಮ್ಮ ನಗುತ್ತಿದ್ದಳು. ಮಧುರಾಗೆ ಬೇಕಾಗಿದ್ದದ್ದೂ ಆ ನಗುವೇ. ಮೂರು ಗಂಟೆಗೆ ಟ್ರಸ್ಟಿನವರು ಇಂದಿರಾನಗರದ ಈ ಆಫೀಸಿಗೆ ಬರುವವರಿದ್ದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ತಾಯಿ ಕೂಡ ನಮ್ಮ ಹೊಸ ಆನ್‌ಲೈನ್ ಅರ್ಜಿಯನ್ನು ಯಾರನ್ನೂ ಕೇಳದೆ ತುಂಬಿದಳು, ನೋಡಿ ಹೇಗೆ ನಗುತ್ತಿದ್ದಾಳೆ ಎಂದು ಹತ್ತು ಸೆಕೆಂಡು ತೋರಿಸಿಬಿಟ್ಟರೆ ಮುಂದಿನ ಮಾತು ಸಲೀಸು. ಎಲ್ಲಿ ಕತ್ತರಿಸಬೇಕೆಂದು ಅವಳು ನೋಡುತ್ತಿರುವಾಗಲೇ ಪಕ್ಕದ ಮೇಜಿನ ಜಯಂತ್ ಏನೋ ಕೇಳಿದ. ಅತ್ತ ತಿರುಗಿ ಉತ್ತರ ಕೊಡುವಷ್ಟರಲ್ಲಿ ವಿಡಿಯೋ ಮುಂದಕ್ಕೆ ಓಡಿತ್ತು.

ಆ ಮುಂದಿನ ಭಾಗವನ್ನು ಈ ಒಂದು ತಿಂಗಳಲ್ಲಿ ಯಾರೂ ನೋಡಿರಲಿಲ್ಲ. ಸಬ್ಮಿಟ್ ಒತ್ತಿದ ಮೇಲೆ ಪರೀಕ್ಷೆ ಮುಗಿಯಿತು, ಇನ್ನೇನು ನೋಡುವುದು? ವಿಡಿಯೋದಲ್ಲಿ ಮಧುರಾ ಕೂತಿದ್ದ ಕುರ್ಚಿ ಖಾಲಿ ಇತ್ತು. ಬಂದವರಿಗೆ ಕೊಡುವ ಸ್ಟೀಲ್ ಬಾಟಲಿ ತರಲು ಅವಳು ಹೊರಗೆ ಹೋಗಿದ್ದಳು. ಒಬ್ಬಳೇ ಉಳಿದ ಜಟ್ಟೆಮ್ಮ ಆಚೀಚೆ ನೋಡಿ, ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು, ಪರದೆಯ ಮೇಲಿದ್ದ ಅರ್ಜಿ ಸಂಖ್ಯೆಯನ್ನು ಒಂದೊಂದೇ ಅಂಕಿ ಬಾಯಲ್ಲಿ ಹೇಳಿಕೊಳ್ಳುತ್ತ ಚೀಟಿಯ ಮೇಲೆ ಬರೆದಳು. ಆಮೇಲೆ ಫೋನು ತೆಗೆದಳು.

"ಲಕ್ಷ್ಮೀ, ಅರ್ಜಿ ಹೋತು ನೋಡವ್ವಾ. ಹೂಂ, ನಾನೇ ಹಾಕೀನಿ, ನನ್ನ ಕೈಲೆ. ನಂಬರು ಕೊಟ್ಟಾರ. ಇನ್ನ ನೀ ಸೈಬರಿಗೆ ಹೋಗಾದು ಬ್ಯಾಡ. ನಮ್ಮ ಹುಡುಗಿ ಮನಿಕೆಲಸಕ್ಕ ಬರಂಗಿಲ್ಲ, ಕಾಲೇಜಿಗಿ ಹೋಗ್ತಾಳಂತ ಆ ಬಂಗ್ಲೆದವರಿಗಿ ಹೇಳಿಬಿಡಂತ ನಿಮ್ಮಪ್ಪಗ ಹೇಳು."

ಮಧುರಾ ಹೆಡ್‌ಫೋನ್ ಕಿತ್ತಿಟ್ಟು ಗಡಿಯಾರ ನೋಡಿದಳು. ಹನ್ನೆರಡೂ ಹತ್ತು. ಟ್ರಸ್ಟಿನ ಹೆಣ್ಣುಮಕ್ಕಳ ವಸತಿ ಕಾಲೇಜಿಗೆ ಅರ್ಜಿ ಹಾಕಲು ಇವತ್ತೇ ಕಡೇ ದಿನ, ಸಂಜೆ ಐದರವರೆಗೆ. ಎರಡು ವರ್ಷ ಊಟ, ವಸತಿ, ಓದು ಎಲ್ಲ ಉಚಿತ. ಆದರೆ ಜಟ್ಟೆಮ್ಮ ತುಂಬಿದ ಅರ್ಜಿ ಎಲ್ಲಿಗೂ ಹೋಗಿರಲಿಲ್ಲ. ಅದು ಮುಂದಿನ ವರ್ಷ ಬರಬೇಕಾದ ಹೊಸ ವೆಬ್‌ಸೈಟಿನ ಮಾದರಿ. ಈ ವರ್ಷದ ಅರ್ಜಿಗಳೆಲ್ಲ ಹಳೆಯ ವೆಬ್‌ಸೈಟಿನಲ್ಲೇ ಹೋಗಬೇಕು.

ವೆಬ್‌ಸೈಟ್ ಬಳಸುವ ಜನ ಎಲ್ಲೆಲ್ಲಿ ಎಡವುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಿ ಬರೆದುಕೊಳ್ಳುವುದು ಮಧುರಾಳ ಉದ್ಯೋಗ. ಇದಕ್ಕೂ ಸಂಬಳ ಕೊಡ್ತಾರೇನಮ್ಮ ಎಂದು, ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮೆಷೀನಿನ ಮುಂದೆ ನಿಂತು ನಿವೃತ್ತರಾದ ಅವಳ ಅಪ್ಪ ಈಗಲೂ ಕೇಳುತ್ತಾರೆ. ಪರೀಕ್ಷೆಗೆ ಬಂದವರು ಆರು ಜನ. ಎಲ್ಲರ ಕೈಗೂ ಒಂದು ಕಾರ್ಡು ಕೊಟ್ಟು, ಅದರಲ್ಲಿದ್ದ ಕಾಲ್ಪನಿಕ ಹುಡುಗಿಯ ವಿವರ ತುಂಬಿಸುವುದು ಪದ್ಧತಿ. ಐವರು ಹಾಗೆಯೇ ತುಂಬಿದರು. ಜಟ್ಟೆಮ್ಮ ಮಾತ್ರ "ಇದು ಯಾರ ಹುಡುಗಿ ರಿ?" ಎಂದು ಕಾರ್ಡನ್ನೇ ತಿರುಗಿಸಿ ಮುರುಗಿಸಿ ನೋಡಿದಳು, ಬೆರಳು ಮುಂದೆ ಹೋಗಲೇ ಇಲ್ಲ. ಆಗ ಮಧುರಾ, "ಆ ಕಾರ್ಡ್ ಬಿಡಿ. ನಿಮ್ಮ ಮಗಳದ್ದೇ ಹಾಕಿ" ಎಂದಿದ್ದಳು. ಬೆರಳು ಸರಸರ ಓಡಿತು. ಇದು ಬರೀ ಪರೀಕ್ಷೆ, ನಿಜದ ಅರ್ಜಿಯಲ್ಲ ಎಂದು ಆರಂಭದಲ್ಲಿ ಒಂದು ಸಲ ಗಿಣಿಪಾಠದಂತೆ ಒಪ್ಪಿಸಿದ್ದು ನಿಜ. ಆದರೆ ಮಗಳ ಹೆಸರು, ಮಗಳ ಮಾರ್ಕ್ಸು, ಮಗಳ ಶಾಲೆ ಎಲ್ಲ ಬರೆಸಿಕೊಂಡ ಮೇಲೆ ಆ ಮಾತಿಗೆ ಯಾವ ಬೆಲೆ? ಸಾಲದ್ದಕ್ಕೆ, ಸ್ವಂತ ವಿವರ ಕೊಟ್ಟರೆ ಜನ ಚುರುಕಾಗುತ್ತಾರೆ ಎಂದು ವರದಿಯಲ್ಲಿ ಜಂಬದಿಂದ ಬರೆದುಕೊಂಡಿದ್ದಳು, ಮಹಾತಾಯಿ.

ಜಟ್ಟೆಮ್ಮನ ಫೋನು ಸ್ವಿಚ್ ಆಫ್. ಮಧುರಾ ಪ್ಯಾಂಟ್ರಿಗೆ ಓಡಿದಳು. ಜಟ್ಟೆಮ್ಮನನ್ನು ಪರೀಕ್ಷೆಗೆ ಕರೆತಂದವಳು ಅಲ್ಲಿ ಟೀ ಮಾಡುವ ನೂರ್ಜಹಾನ್.

"ಅವ್ರದ್ದು ಫೋನ್ ಒಡ್ದೋಗಿ ಹದಿನೈದ್ ದಿನ ಆಯ್ತು ಮೇಡಂ. ಮನೆ ನಮ್ದು ಬೀದಿ ಹಿಂದೇನೇ. ರಾಮಮೂರ್ತಿ ನಗರದಲ್ಲಿ ನೀರಿನ ಟ್ಯಾಂಕ್ ಇದ್ಯಲ್ಲ, ಪಕ್ಕದಲ್ಲಿ ವಠಾರ. ಯಾಕೆ, ಏನಾಯ್ತು?"

"ಬಂದು ಹೇಳ್ತೀನಿ" ಎಂದು ಮಧುರಾ ತನ್ನ ಮೇಜಿಗೆ ಮರಳಿದಳು. ಬ್ಯಾಗು ಹೆಗಲಿಗೇರಿಸುತ್ತಿದ್ದಂತೆ ಜಯಂತ್ ಅಡ್ಡ ಬಂದ. ವಿಷಯ ಕೇಳಿ ಅವನ ಮುಖ ಗಂಟಿಕ್ಕಿತು.

"ಕನ್ಸೆಂಟ್ ಫಾರಂ ಸೈನ್ ಮಾಡ್ಸಿದೀವಲ್ಲ ಮಧು. ತಪ್ಪು ನಮ್ದಲ್ಲ."

"ನಮ್ದಲ್ಲ. ನಂದು."

"ಸರಿ ಗುರು, ಪ್ರೆಸೆಂಟೇಶನ್ ಮುಗ್ಸು, ಆಮೇಲ್ ಹೋಗು. ಮತ್ತೆ ಟ್ರಸ್ಟ್‌ನೋರ ಹತ್ರ ಮಾತ್ರ ಬಾಯ್ ಬಿಡ್ಬೇಡ. ಐದು ಗಂಟೆ ದಾಟಿದ್ರೆ ಯಾರಪ್ಪನ್ ಮಗಳಾದ್ರೂ ತಗೊಳಲ್ಲ ಅವ್ರು. ನಮ್ಮ ಪ್ರಾಜೆಕ್ಟೂ ಹೋಗತ್ತೆ, ಅಷ್ಟೆ."

"ಮೂರಕ್ಕೆ ಶುರು ಆದ್ರೆ ಐದರೊಳಗೆ ಎಲ್ಲಿ ಮುಗಿಯತ್ತೆ? ನೀನೇ ಮಾಡು ಜಯಂತ್. ಎಲ್ಲ ಫೋಲ್ಡರಲ್ಲಿದೆ" ಎಂದು ಅವಳು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು.

ಮೆಟ್ರೋದಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಬೈಯಪ್ಪನಹಳ್ಳಿ ಬಂತು, ರೈಲು ಅಲ್ಲೇ ನಿಂತಿತು, ಬಾಗಿಲು ತೆರೆದುಕೊಂಡೇ ಇತ್ತು. ಹೊರಡೋ ಮಾರಾಯಾ ಎಂದು ಅವಳು ಮನಸ್ಸಿನಲ್ಲೇ ಗೋಗರೆದಳು. ಬೆನ್ನಿಗಾನಹಳ್ಳಿಯಲ್ಲಿ ಇಳಿದು ಆಟೋ ಹಿಡಿದರೆ ಮೇಲ್ಸೇತುವೆಯ ಕೆಳಗೆ ಟ್ರಾಫಿಕ್ಕು. ಫೋನಿನಲ್ಲಿ ಹಳೆಯ ವೆಬ್‌ಸೈಟ್ ತೆರೆದು ನೋಡಿದಳು. ಬಿಳೀ ಪರದೆಯ ನಡುವೆ ಚಕ್ರ ತಿರುಗುತ್ತಿತ್ತು, ತಿರುಗುತ್ತಲೇ ಇತ್ತು. ಬರೀ ಕಡೇ ದಿನದ ನೂಕುನುಗ್ಗಲೋ ಅಥವಾ ಸರ್ವರೇ ಮಲಗಿದೆಯೋ, ಯಾರನ್ನು ಕೇಳುವುದು.

ವಠಾರದ ಬಾಗಿಲಲ್ಲಿ ಹುಡುಗಿಯೊಬ್ಬಳು ಅಕ್ಕಿ ಆರಿಸುತ್ತ ಕೂತಿದ್ದಳು. ಪಕ್ಕದಲ್ಲಿ ಆಫೀಸಿನ ಹೆಸರಿದ್ದ ಸ್ಟೀಲ್ ಬಾಟಲಿ. ಮಧುರಾಳ ಕೊರಳಿನ ಐಡಿ ಕಾರ್ಡಿನಲ್ಲೂ ಅದೇ ಹೆಸರು ಕಂಡು ಮೊರ ಬದಿಗಿಟ್ಟು ಎದ್ದಳು.

"ಇಂದಿರಾನಗರದ ಅಕ್ಕಾರೇನ್ರಿ? ಬರ್ರಿ, ಒಳಗ ಬರ್ರಿ. ನಮ್ಮವ್ವ ಅಪಾರ್ಟ್‌ಮೆಂಟಿಗಿ ಹೋಗ್ಯಾಳ, ಈಗ ಬರ್ತಾಳ. ನಾನೇ ರಿ ಲಕ್ಷ್ಮಿದೇವಿ."

ನಿಜ ಹೇಳಬೇಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವಳ ಬಾಯಲ್ಲಿ ಬಂದದ್ದು ಬೇರೆ. "ಇನ್ನೊಂದು ಸಣ್ಣ ಫಾರಂ ತುಂಬೋದಿತ್ತು ಕಣಮ್ಮಾ, ಅದಕ್ಕೇ ಬಂದೆ." ಸುಳ್ಳು ಎಷ್ಟು ನುಣ್ಣಗೆ ಜಾರಿತೆಂದರೆ ಅವಳಿಗೇ ಹೆದರಿಕೆಯಾಯಿತು. ಪರವಾಗಿಲ್ಲ, ಹೇಗೋ ತುಂಬಿಸಿ ಹೋಗಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಅನ್ನಿಸಿತು.

ಲಕ್ಷ್ಮಿದೇವಿ ಒಳಗಿನಿಂದ ನೋಟ್‌ಬುಕ್ ತಂದಳು. ಮೊದಲ ಪುಟದಲ್ಲಿ ಆ ಅರ್ಜಿ ಸಂಖ್ಯೆ, ಪುಟದ ನಾಲ್ಕು ಮೂಲೆಗೂ ಅರಿಶಿನ ಕುಂಕುಮ. "ನಮ್ಮವ್ವ ಹಚ್ಯಾಳ್ರಿ" ಎಂದು ನಾಚಿಕೊಂಡಳು. ಆಮೇಲೆ ಸ್ವಲ್ಪ ತಡೆದು, "ಅಕ್ಕಾ, ಒಂದಿನ ಸೈಬರದಾಗ ಈ ನಂಬರು ಹಾಕಿ ನೋಡಿದ್ದೆ ರಿ. ನೋ ರೆಕಾರ್ಡ್ ಅಂತ ಬಂತು. ನಾನೇ ಏನರ ತಪ್ಪು ಒತ್ತಿರಬೇಕಂತ ಸುಮ್ಮನಾದೆ. ಅವ್ವಗೂ ಹೇಳಿಲ್ಲ."

ಈ ಮಾತನ್ನು ಮಧುರಾ ನೂರು ಜನರ ಬಾಯಲ್ಲಿ ಕೇಳಿದ್ದಳು. ವೆಬ್‌ಸೈಟ್ ಕೆಟ್ಟಿದ್ದರೂ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ ಎಂದು ಪ್ರತಿ ಮೀಟಿಂಗಿನಲ್ಲಿ ತಾನೇ ಪಾಠ ಮಾಡುತ್ತಿದ್ದಳು. ಈಗ ಆ ಮಾತು ಹದಿನಾರರ ಹುಡುಗಿಯೊಬ್ಬಳ ಬಾಯಿಂದ ತನ್ನ ಮುಖಕ್ಕೇ ಬಂದು ಬಿದ್ದಾಗ ಸುಳ್ಳು ಮುಂದುವರಿಯಲಿಲ್ಲ.

"ನೀನು ಯಾವ ತಪ್ಪೂ ಒತ್ತಿಲ್ಲ ಪುಟ್ಟಾ. ಆ ಅರ್ಜಿನೇ ನಿಜದ್ದಲ್ಲ. ನಾವು ಹೊಸದಾಗಿ ಮಾಡ್ತಿರೋ ವೆಬ್‌ಸೈಟ್ ಸರಿಯಿದೆಯಾ ಅಂತ ನೋಡೋಕೆ ನಿಮ್ಮಮ್ಮನ ಕೈಲಿ ತುಂಬಿಸಿದ್ದು. ಅದು ಎಲ್ಲಿಗೂ ಹೋಗಿಲ್ಲ."

"ಎಲ್ಲಿಗೂ ಹೋಗಿಲ್ಲಂದ್ರ?"

ಜಟ್ಟೆಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೊಪ್ಪಿನ ಚೀಲ. ಮಧುರಾ ಮತ್ತೆ ಮೊದಲಿನಿಂದ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ, ಸುಳ್ಳು ಹೇಳಿದ್ದನ್ನೂ ಸೇರಿಸಿ. ಜಟ್ಟೆಮ್ಮ ಚೀಲ ಕೆಳಗಿಡುವುದನ್ನೂ ಮರೆತು ಕೇಳಿದಳು.

"ಒಂದು ತಿಂಗಳಾತಲ್ರಿ ಮೇಡಂ. ನನ್ನ ಮಗಳಿಗಿ ಕಾಲೇಜಾತು, ನಾನೇ ಅರ್ಜಿ ಹಾಕೀನಂತ ಮಂದಿಗೆಲ್ಲ ಹೇಳಕೋತ ಅಡ್ಡಾಡೀನಿ. ಆ ಬಂಗ್ಲೆದವರು ಬ್ಯಾರೆ ಹುಡುಗೀನ ಇಟ್ಕೊಂಡ್ರು. ಕಾರ್ಡಿನಾಗ ಯಾವಾಕಿದೋ ಹೆಸರಿತ್ತು. ಅದನ್ನ ಬಿಡು, ನಿನ್ನ ಮಗಳದು ಹಾಕು ಅಂದವರು ನೀವ ಅಲ್ಲೇನು?"

"ಹೌದು."

"ಬೆಕ್ಕಿಗಿ ಚೆಲ್ಲಾಟ, ಇಲಿಗಿ ಪ್ರಾಣಸಂಕಟ. ನಿಮ್ಮ ಆಟಕ್ಕ ನನ್ನ ಮಗಳ ಹೆಸರೇ ಬೇಕಾಗಿತ್ತೇನ್ರಿ?"

ಮಧುರಾಗೆ ಅಳು ಒತ್ತರಿಸಿಕೊಂಡು ಬಂತು. ಅಳುವ ಹಕ್ಕು ತನಗಿಲ್ಲವೆಂದು ನುಂಗಿಕೊಂಡಳು. "ಬೈಯೋದೆಲ್ಲ ಆಮೇಲೆ ಬೈಯ್ರಿ ಜಟ್ಟೆಮ್ಮಾ, ಕೂತು ಬೈಸ್ಕೊತೀನಿ. ಐದು ಗಂಟೆವರೆಗೂ ಟೈಮಿದೆ. ಈಗ ಎರಡು. ನಿಜದ ಅರ್ಜಿ ಈಗ ಹಾಕೋಣ."

ಹಳೆಯ ಅರ್ಜಿಯಲ್ಲಿದ್ದ ನಲವತ್ಮೂರು ತಪ್ಪುಗಳನ್ನು ಪಟ್ಟಿ ಮಾಡಿದವಳು ಮಧುರಾಳೇ. ಪಟ್ಟಿ ಮಾಡಿದ ಮಾತ್ರಕ್ಕೆ ಗುಂಡಿ ಮುಚ್ಚುತ್ತದೆಯೇ? ಎಲ್ಲ ಇಂಗ್ಲಿಷಿನಲ್ಲಿತ್ತು. ಫೋನಿನ ಪರದೆಗೆ ಹಿಡಿಸದೆ ಅರ್ಧ ಪುಟ ಬಲಗಡೆ ಓಡಿಹೋಗಿತ್ತು. ಫೋಟೋ ದೊಡ್ಡದಾಯಿತೆಂದು ಒಮ್ಮೆ ತಿರಸ್ಕರಿಸಿತು, ಚಿಕ್ಕದು ಮಾಡಿದರೆ ಚಿಕ್ಕದಾಯಿತೆಂದು. ಹಿಂದಕ್ಕೆ ಹೋದರೆ ತುಂಬಿದ್ದೆಲ್ಲ ಅಳಿಸುತ್ತದೆ ಎಂದು ಗೊತ್ತಿದ್ದೂ ಗಡಿಬಿಡಿಯಲ್ಲಿ ಅವಳ ಹೆಬ್ಬೆರಳು ಅಲ್ಲೇ ಹೋಯಿತು. ಎರಡು ಪುಟದ ದುಡಿಮೆ ನೀರಲ್ಲಿ ಹೋಮ. "ಥೂ!" ಎಂದವಳು ತನ್ನ ತಲೆಗೇ ಮೊಟಕಿಕೊಂಡಳು.

"ಅಕ್ಕಾ, ಮೊದಲ ಹಾಳಿ ಮ್ಯಾಲ ಎಲ್ಲ ಬರಕೊಳ್ಳೂಣ್ರಿ" ಎಂದಳು ಲಕ್ಷ್ಮಿದೇವಿ. "ಸೈಬರದಾಗ ಹಂಗ ಮಾಡ್ತೀವಿ. ನಾ ಓದ್ತೀನಿ, ನೀವು ಒತ್ರಿ." ನೋಟ್‌ಬುಕ್ಕಿನ ಹಾಳೆ ಹರಿದು, ಜಾತಿ ಪ್ರಮಾಣಪತ್ರದ ಸಂಖ್ಯೆ, ಆದಾಯ ಪತ್ರದ ಸಂಖ್ಯೆ, ಹುಟ್ಟಿದ ದಿನ ಎಲ್ಲವನ್ನೂ ಅರ್ಜಿಯ ಸಾಲಿನ ಕ್ರಮದಲ್ಲೇ ಅಚ್ಚುಕಟ್ಟಾಗಿ ಬರೆದಳು. ಡಿಗ್ರಿ ಮೇಲೆ ಡಿಗ್ರಿ ಇದ್ದವಳಿಗೆ ಹೊಳೆಯದ್ದು ಈ ಹುಡುಗಿಗೆ ಬೆರಳ ತುದಿಯಲ್ಲಿತ್ತು.

ಇನ್ನು ಉಳಿದದ್ದು ಓಟಿಪಿ. ಅದು ಬರುವುದು ತಂದೆಯ ಫೋನಿಗೆ. ತಂದೆ ಅಮರಪ್ಪ ಕೆ.ಆರ್. ಪುರಂ ಹತ್ತಿರ ಕಟ್ಟುವ ಮನೆಯೊಂದರ ಮೂರನೇ ಮಹಡಿಯಲ್ಲಿ ಸೆಂಟ್ರಿಂಗ್ ಹಲಗೆ ಹೊಡೆಯುತ್ತಿದ್ದ. ಜಟ್ಟೆಮ್ಮ ಮಧುರಾಳ ಫೋನು ಕಿತ್ತುಕೊಂಡು ಗಂಡನ ಜೊತೆ ಕೂಗಾಡಿದಳು. "ಮೆಸೇಜು ಬಂದದಲ್ಲ, ಅದರಾಗಿನ ನಂಬರು ಹೇಳು. ಎರಡು, ಒಂಬತ್ತು, ಒಂಬತ್ತು. ಮುಂದ? ಮುಂದ ಏನಿಲ್ಲಂದ್ರ ಹ್ಯಾಂಗ?"

ಮುಂದೆ ಇಪ್ಪತ್ತೆಂಟು ದಿನ ಎಂದಿತ್ತಂತೆ. ಅದು ರೀಚಾರ್ಜಿನ ಜಾಹೀರಾತು. ಅಷ್ಟರಲ್ಲಿ ಓಟಿಪಿಯ ಎರಡು ನಿಮಿಷದ ಗಡುವು ಮುಗಿದು ಅರ್ಜಿ ಮತ್ತೆ ಮೊದಲಿಗೇ ಬಂತು. ಎರಡನೇ ಸಲ ಅಂಕಿಗಳು ಸರಿಯಿದ್ದವು, ಆದರೆ ಮಾತಾಡುತ್ತಲೇ ಮೆಸೇಜು ನೋಡಲು ಅಮರಪ್ಪನ ಫೋನಿನಲ್ಲಿ ಬರುವುದಿಲ್ಲ. ಅವನು ಕಟ್ ಮಾಡಿ, ನೋಡಿ, ತಿರುಗಿ ಮಾಡುವಷ್ಟರಲ್ಲಿ ಹೊತ್ತು ಮೀರಿತ್ತು. ನಡುವೆ ಜಯಂತನ ಕಾಲ್ ಬಂತು. ಮಧುರಾ ಕಟ್ ಮಾಡಿದಳು. ಮೂರನೇ ಸಲ ಅಮರಪ್ಪ ಕೇಳುವ ಮೊದಲೇ ಕರೆ ಮಾಡಿ, "ಹಲಗಿ ಮ್ಯಾಲ ಪೆನ್ಸಿಲ್ಲಿಲೆ ಬರಕೊಂಡೀನಿ, ತಗೋ" ಎಂದು ಆರು ಅಂಕಿಗಳನ್ನು ಒಂದೇ ಉಸಿರಿಗೆ ಹೇಳಿದ.

ಒತ್ತಿದಳು. ಪರದೆ ಬೆಳ್ಳಗಾಯಿತು. ಬಹಳ ಹೊತ್ತಾದ ಮೇಲೆ ಎಡಗಡೆ ಮೂಲೆಯಲ್ಲಿ ಇಂಗ್ಲಿಷಿನ ಎರಡು ಪದ ಮೂಡಿದವು: ಪ್ರೋಸೆಸ್ ಕಂಪ್ಲೀಟೆಡ್. ಸಂಖ್ಯೆಯಿಲ್ಲ, ಹೆಸರಿಲ್ಲ, ಹಸಿರು ಬಣ್ಣವಿಲ್ಲ. ಅಮರಪ್ಪನ ಫೋನಿಗೆ ಮೆಸೇಜೂ ಬರಲಿಲ್ಲ.

"ಇದು ಖರೇದೇನ್ರಿ?" ಎಂದಳು ಜಟ್ಟೆಮ್ಮ.

ಹೌದು ಎಂದು ಹೇಳುವುದು ಸುಲಭವಿತ್ತು. ಮಧುರಾ ಪರದೆ ನೋಡಿದಳು, ಹುಡುಗಿಯ ಮುಖ ನೋಡಿದಳು. "ಹೋಗಿರ್ಬೇಕು. ಆದ್ರೆ ನಂಗೆ ಗೊತ್ತಿಲ್ಲ ಜಟ್ಟೆಮ್ಮಾ. ನಿಜವಾಗ್ಲೂ ಗೊತ್ತಿಲ್ಲ."

"ಆ ಟ್ರಸ್ಟಿನ ಆಫೀಸು ಎಲ್ಲ್ಯದ?"

"ಕುಕ್ ಟೌನ್."

"ನಡೀರಿ."

ಆಟೋದಲ್ಲಿ ಜಟ್ಟೆಮ್ಮ ನಡುವೆ ಕೂತಳು, ಒಂದು ಕಡೆ ಮಗಳು, ಒಂದು ಕಡೆ ಮಧುರಾ. ಬಾಣಸವಾಡಿ ದಾಟುವಾಗ ಜಯಂತನ ಮೆಸೇಜು ಬಂತು. "ಪ್ರೆಸೆಂಟೇಶನ್ ಸೂಪರ್ ಹಿಟ್. ಆ ಆಂಟಿ ನಗೋ ಕ್ಲಿಪ್‌ಗೆ ಎಲ್ರೂ ಚಪ್ಪಾಳೆ. ಎಲ್ಲಿದೀಯ ಮಗಾ?" ಮಧುರಾ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು. ಪಕ್ಕದಲ್ಲಿ ಜಟ್ಟೆಮ್ಮನ ಮೊಣಕೈ ತಾಗುತ್ತಿತ್ತು. ಎಲ್ಲಾದರೂ ಇಳಿದು ಓಡಿಹೋಗಬೇಕೆನ್ನಿಸಿತು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗಲೆಲ್ಲ ಜಟ್ಟೆಮ್ಮ ಟೈಮೆಷ್ಟೆಂದು ಕೇಳುತ್ತಿದ್ದಳು.

ಟ್ರಸ್ಟಿನ ಆಫೀಸು ಹಳೆಯ ಬಂಗಲೆ. ದೊಡ್ಡವರೆಲ್ಲ ಇಂದಿರಾನಗರಕ್ಕೆ ಹೋಗಿ ಚಪ್ಪಾಳೆ ತಟ್ಟುತ್ತಿದ್ದುದರಿಂದ ಗುಮಾಸ್ತ ಮುನಿಆಂಜನಪ್ಪ ಒಬ್ಬರೇ ಕಿಟಕಿಯ ಹಿಂದೆ ಇದ್ದರು. ಗಂಟೆ ನಾಲ್ಕು ನಲವತ್ತು.

"ಎಲ್ಲಾ ಆನ್‌ಲೈನ್ ಕಣಮ್ಮ ಈಗ. ಇಲ್ಲಿ ಏನೂ ತಗೊಳಾಕಿಲ್ಲ."

"ಕೊಡೋಕೆ ಬಂದಿಲ್ಲ ಸಾರ್. ಬಂದಿದೆಯಾ ಅಂತ ನೋಡಿ ಹೇಳಿ, ಸಾಕು."

"ನಂಬರೇಳಿ."

"ನಂಬರ್ ಬರಲಿಲ್ಲ."

"ಬರಾಕಿಲ್ಲ, ಗೊತ್ತು ನಂಗೆ. ಬೆಳಗ್ಗಿಂದ ಎಷ್ಟ್ ಜನ ಫೋನ್ ಮಾಡವ್ರೆ ಅಂತೀರ!" ಕನ್ನಡಕ ಏರಿಸಿಕೊಂಡು ಅವರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡತೊಡಗಿದರು. ಮೂವರೂ ಕಿಟಕಿಯ ಸರಳು ಹಿಡಿದು ನಿಂತರು. ಲಕ್ಷ್ಮಿದೇವಿ ಕಣ್ಣು ಮುಚ್ಚಿಕೊಂಡಿದ್ದಳು. "ಲಕ್ಷ್ಮಿದೇವಿ... ಅಮರಪ್ಪನ ಮಗಳಾ? ಐತೆ ನೋಡಮ್ಮ. ಮೂರೂ ನಲವತ್ತೊಂದಕ್ಕೆ ಬಂದೈತೆ."

ಮಧುರಾ ಗೋಡೆಗೆ ಒರಗಿದಳು. ದೇವರೇ ಎಂದಳು, ಗಟ್ಟಿಯಾಗಿಯೇ. ಜಟ್ಟೆಮ್ಮ ಮಾತ್ರ ಅಲ್ಲಾಡಲಿಲ್ಲ.

"ಹ್ವಾದ ಸಲಾನೂ ಕಂಪ್ಯೂಟರದಾಗ ಹಿಂಗ ತೋರಿಸ್ತು ರಿ ಸಾಹೇಬ್ರ. ಅದನ್ನ ಈ ಕಡೆ ತಿರುವ್ರಿ."

ಮುನಿಆಂಜನಪ್ಪ ಗೊಣಗುತ್ತ ಪರದೆಯನ್ನು ತಿರುಗಿಸಿದರು. ಲಕ್ಷ್ಮಿದೇವಿ ಓದಿ, "ನನ್ನ ಹೆಸರೇ ಅದ ಅವ್ವಾ" ಎಂದಳು.

"ಇರಲಿ. ಹಾಳಿ ಮ್ಯಾಲ ಬರದು ಒಂದು ಶಿಕ್ಕಾ ಹೊಡೀರಿ."

"ಸೀಲ್ ಯಾತಕ್ಕಮ್ಮಾ? ಹಂಗೆಲ್ಲ ಕೊಡಾ ಪದ್ಧತಿ ತೆಗ್ದಾಕಿ ಮೂರ್ ವರ್ಷ ಆಯ್ತು." ಅವರು ಓದಿದವಳಂತೆ ಕಂಡ ಮಧುರಾಳ ಕಡೆ ತಿರುಗಿದರು. "ನೀವಾರ ಹೇಳ್ರಿ ಮೇಡಂ."

"ಹಾಕ್ಕೊಡಿ ಸಾರ್" ಎಂದಳು ಮಧುರಾ. "ದಮ್ಮಯ್ಯ."

ಮುನಿಆಂಜನಪ್ಪ ಇಬ್ಬರ ಮುಖವನ್ನೂ ನೋಡಿ, ಏನನ್ನಿಸಿತೋ, ಡ್ರಾಯರಿನ ತಳದಿಂದ ಸೀಲು ಹುಡುಕಿ ತೆಗೆದರು. ಒಣಗಿದ್ದ ಪ್ಯಾಡಿಗೆ ಇಂಕು ಹನಿಸಿ, ಒಂದು ಹಾಳೆಯಲ್ಲಿ ಅರ್ಜಿ ಬಂದಿದೆ ಎಂದು ದುಂಡಗೆ ಕನ್ನಡದಲ್ಲಿ ಬರೆದು, ಹೆಸರು ಹಾಕಿ, ಗಂಟೆ ಹಾಕಿ, ಒತ್ತಿದರು. ಇಂಕು ಜಾಸ್ತಿಯಾಗಿ ನೇರಳೆ ಬಣ್ಣ ಸುತ್ತಲೂ ಹರಡಿತು. ಜಟ್ಟೆಮ್ಮ ಅದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ತಾನೇ ಓದಿದಳು. ಪೂರ್ತಿ ಓದಿಯಾದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಟೋ ಮಾಡಿಕೊಡುತ್ತೇನೆಂದು ಮಧುರಾ ಹೇಳಿದ್ದಕ್ಕೆ, "ಬ್ಯಾಡ್ರಿ, ಬಸ್ಸಿಗಿ ಹೋಗ್ತೀವಿ" ಎಂದು ಉತ್ತರ ಬಂತು. ಬಸ್ ಸ್ಟಾಪಿನ ಕಡೆ ಜಟ್ಟೆಮ್ಮ ಆ ಹಾಳೆಯನ್ನು ಮಡಿಸದೆ ಎರಡೂ ಅಂಗೈ ಮೇಲೆ ಚಾಚಿಕೊಂಡು ನಡೆದಳು, ಲಕ್ಷ್ಮಿದೇವಿ ಮುಂದೆ. ಮಧುರಾಗೆ ಅವರ ಜೊತೆ ನಡೆಯುವ ಮುಖವಿರಲಿಲ್ಲ, ಬಿಟ್ಟು ಹೋಗುವ ಮನಸ್ಸೂ ಬರಲಿಲ್ಲ. ಹತ್ತು ಹೆಜ್ಜೆ ಹಿಂದೆ, ರಸ್ತೆಯ ನಡುವೆಯೇ, ಕಾಲು ಎಳೆದುಕೊಂಡು ಬಂದಳು. ಹಿಂದಿನಿಂದ ಸ್ಕೂಟರೊಂದು ಹಾರ್ನ್ ಹೊಡೆಯಿತು.

ಜಟ್ಟೆಮ್ಮ ನಿಂತು ತಿರುಗಿ ನೋಡಿದಳು.

"ನಡು ರೋಡಿನಾಗ ಯಾಕ ಬರ್ತೀರಿ ಮೇಡಂ? ಗಾಡಿ ಬರ್ತಾವ. ಬದಿಗಿ ಬರ್ರಿ."

ಮಧುರಾ ಬದಿಗೆ ಸರಿದಳು. ಮರದಿಂದ ಹಳದಿ ಹೂವೊಂದು ಹಾಳೆಯ ಮೇಲೆ ಬಿದ್ದಿತ್ತು. ಇಂಕು ಇನ್ನೂ ಹಸಿ ಇತ್ತು. ಜಟ್ಟೆಮ್ಮ ಹೂವನ್ನು ಕೈಯಿಂದ ಮುಟ್ಟದೆ, ಹಾಳೆಯನ್ನು ತುಟಿ ಹತ್ತಿರ ತಂದು, ಮೆಲ್ಲಗೆ ಊದಿ ಅದನ್ನು ಕೆಳಗೆ ಬೀಳಿಸಿದಳು.